ಪದಚರ್ಚೆ: ಮೀನುತೊಟ್ಟಿಯ ಅಂಟು ‘ಒಣಗುತ್ತದೆಯೇ’?

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅರ್ಜೆಂಟು. ಗೆಳೆಯನ ಬಣ್ಣದ ಮೀನಿನ ಅಂಗಡಿಗೆ ಒಂದು ಚೀಟಿ ಬರೆದುಕೊಡಬೇಕು, ನಾಳೆ ಬೆಳಿಗ್ಗೆ ಪ್ರಿಂಟಿಗೆ ಹೋಗುತ್ತದೆ. ಎರಡು ಗಂಡು ಫೈಟರ್ ಮೀನು ಒಂದೇ ತೊಟ್ಟಿಯಲ್ಲಿದ್ದರೆ ಕಚ್ಚಾಡಿ ಸಾಯುತ್ತವೆ. ಅದಕ್ಕೇ ನಡುವೆ ತೂತಿನ ಹಲಗೆ ನಿಲ್ಲಿಸಿ ಗಾಜಿಗೆ ಅಂಟಿಸುತ್ತಾರೆ. ನಾನು ಬರೆದದ್ದು:

“ವಿಭಾಜಕವನ್ನು ಮತ್ಸ್ಯಸ್ನೇಹಿ ಅಂಟುದ್ರವ್ಯದಿಂದ ಜೋಡಿಸಿ. ಸಂಪೂರ್ಣ ಒಣಗಿದ ನಂತರ ನೀರು ತುಂಬಿಸಿ.”

ಓದಿದರೆ ನನಗೇ ನಗು ಬರುತ್ತಿದೆ. ಸರಿಮಾಡಿ ಕೊಡಿ.

———

> ವಿಭಾಜಕ

ತಡಿಕೆ ಅನ್ನಿ, ಮುಗೀತು. ಬಿದಿರಿನ ತಡಿಕೆಯಲ್ಲಿ ಗಾಳಿ ಹಾಯುತ್ತದೆ, ದನ ನುಗ್ಗುವುದಿಲ್ಲ. ನಿಮ್ಮದರಲ್ಲಿ ನೀರು ಹಾಯುತ್ತದೆ, ಮೀನು ನುಗ್ಗುವುದಿಲ್ಲ.

> ಮತ್ಸ್ಯಸ್ನೇಹಿ

ಅಂಟಿಗೆಂಥ ಸ್ನೇಹ! ನಂಜಿಲ್ಲದ ಅಂಟು.

———

‘ಅಂಟು’ ತೀರಾ ಸಪ್ಪೆ. ಹಲಸಿನ ಹಣ್ಣು ಬಿಡಿಸಿದಾಗ ಕೈಗೆ ಹತ್ತುವುದೂ ಅಂಟು, ಎಣ್ಣೆಯ ಜಿಡ್ಡೂ ಅಂಟು. ‘ಗೋಂದು’ ಹಿಂದಿ ಕಡೆಯದು, ‘ಸರೇಸು’ ಪಾರಸಿಯದು. ಬಡಗಿಗಳ ಬಾಯಲ್ಲಿದ್ದ ‘ಮರವಜ್ರ’ ನಮ್ಮದೇ ಪದ. ಅದನ್ನು ಬಳಸಿ ಎಂದು ಹಿಂದೆಯೂ ಇಲ್ಲಿ ಬರೆದಿದ್ದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

———

ಹಿಂದಿ ಬೇಡ, ಪಾರಸಿ ಬೇಡ, ಸಂಸ್ಕೃತದ ‘ವಜ್ರ’ ಮಾತ್ರ ಬೇಕು. ಚೆನ್ನಾಗಿದೆ. ಅಂದಹಾಗೆ ಮರವಜ್ರ ಚರ್ಮ, ಮೂಳೆ ಬೇಯಿಸಿ ಮಾಡುವ ಅಂಟು. ನೀರಲ್ಲಿ ನೆನೆದರೆ ಮೆತ್ತಗಾಗುತ್ತದೆ. ನಿಮ್ಮ ಪದ ನಂಬಿದ ಗಿರಾಕಿಯ ತಡಿಕೆ ಕಳಚಿ ಬೀಳುತ್ತದೆ.

———

ಜಗಳ ಆಮೇಲೆ ಆಡಿ. ಚೀಟಿಯಲ್ಲಿ ನಿಜವಾಗಿ ತಪ್ಪಿರುವ ಪದ ‘ಒಣಗಿದ’. ಮೀನುತೊಟ್ಟಿಗೆ ಬಳಸುವ ಸಿಲಿಕೋನ್ ಅಂಟು ಒದ್ದೆ ಬಟ್ಟೆಯ ಹಾಗೆ ಒಣಗುವುದಿಲ್ಲ. ಗಾಳಿಯ ತೇವ ಎಳೆದುಕೊಂಡು ಗಟ್ಟಿಯಾಗುತ್ತದೆ. ಆಗ ಬರುವ ವಿನೆಗರ್ ವಾಸನೆ ಅಸಿಟಿಕ್ ಆಮ್ಲದ್ದು. ಅರ್ಧ ಗಂಟೆಯೊಳಗೆ ಹಾಲಿನ ಹಾಗೆ ಮೇಲೆ ಕೆನೆ ಕಟ್ಟುತ್ತದೆ, ಒಳಗೆ ಇನ್ನೂ ಹಸಿ. ದಿನಕ್ಕೆ ಸುಮಾರು 2–3 ಮಿಲಿಮೀಟರ್ ಆಳ ಮಾತ್ರ ಗಟ್ಟಿಯಾಗುವುದು. ನಾನೊಮ್ಮೆ ಮುಟ್ಟಿ ನೋಡಿ, ‘ಒಣಗಿದೆ’ ಎಂದುಕೊಂಡು ಸಂಜೆಗೇ ನೀರು ಬಿಟ್ಟೆ. ಬೆಳಿಗ್ಗೆ ತಡಿಕೆ ಓರೆಯಾಗಿತ್ತು, ಎರಡೂ ಮೀನಿನ ರೆಕ್ಕೆ ಚಿಂದಿ.

ಆದ್ದರಿಂದ ‘ಬಲಿತ ಮೇಲೆ’ ಅನ್ನಿ. ಕಾಯಿ ಬಲಿಯುವ ಹಾಗೆ. ಒಂದು ವಾರ ಬಿಡಿ.

ಇನ್ನೊಂದು. ಬಚ್ಚಲಿಗೆ ಮಾರುವ ‘ಬೂಷ್ಟು ಹಿಡಿಯದ’ ಸಿಲಿಕೋನ್‌ನಲ್ಲಿ ಬೂಷ್ಟು ಕೊಲ್ಲುವ ಮದ್ದು ಇರುತ್ತದೆ. ಅದು ಮೀನಿಗೂ ನಂಜು. ಚೀಟಿಯಲ್ಲಿ ಇದನ್ನು ಬರೆಯಲೇಬೇಕು. ತಡಿಕೆ ಅಕ್ರಿಲಿಕ್‌ದಾದರೆ ಸಿಲಿಕೋನ್ ಸರಿಯಾಗಿ ಕಚ್ಚುವುದೂ ಇಲ್ಲ. ಗಾಜಿನ ಪಟ್ಟಿ ಎರಡು ಅಂಟಿಸಿ, ನಡುವೆ ಅದನ್ನು ತೂರಿಸುವುದು ವಾಸಿ.

———

ಎಲ್ಲರೂ ಸಿಲಿಕೋನ್, ಸಿಲಿಕೋನ್ ಅನ್ನುತ್ತಿದ್ದೀರಲ್ಲ, ನಾಚಿಕೆ ಆಗಲ್ವಾ? ಮೂಲ ಮರಳು. ‘ಮರಳಂಟು’ ಎಷ್ಟು ಚೆಂದ!

———

ಮರಳಂಟು ಅಂದರೆ ಗಿರಾಕಿ ಒಂದು ಬುಟ್ಟಿ ಮರಳು ತರುತ್ತಾನೆ.

———

ನಗಬೇಡಿ. ಹೀಗೆ ನಕ್ಕೂ ನಕ್ಕೂ ಒಂದೊಂದೇ ಪದ ಬಿಟ್ಟುಕೊಟ್ಟಿದ್ದೇವೆ.

———

ಮೇಜು ಹೊರಗಿನದು, ಕುರ್ಚಿ ಅರಬ್ಬಿಯದು. ತಾವು ನೆಲದ ಮೇಲೆ ಕೂತು ಟೈಪ್ ಮಾಡ್ತಿದ್ದೀರಾ?

———

ಎಲ್ಲರಿಗೂ ಥ್ಯಾಂಕ್ಸ್. ಕೊನೆಗೆ ಹೀಗೆ ಬರೆದು ಕಳಿಸಿದೆ:

“ತಡಿಕೆಯನ್ನು ನಂಜಿಲ್ಲದ ಸಿಲಿಕೋನ್ ಅಂಟಿನಿಂದ ಕೂರಿಸಿ. ಬೂಷ್ಟು ಹಿಡಿಯದ ಬಗೆ ಬೇಡ. ಒಂದು ವಾರ ಬಲಿಯಲು ಬಿಟ್ಟು ನೀರು ತುಂಬಿಸಿ.”

ಗೆಳೆಯ ಓದಿ ಫೋನ್ ಮಾಡಿದ. “ಏನೋ ಇದು, ಮೀನು ಬಲಿ ಕೊಡೋಕೆ ಹೇಳಿದ ಹಾಗಿದೆಯಲ್ಲೋ!” ‘ಒಳಗೂ ಗಟ್ಟಿಯಾಗಲು ಬಿಟ್ಟು’ ಎಂದು ತಿದ್ದಿದೆ. ಪ್ರಿಂಟಾಯಿತು.

———

‘ಬಲಿ’ಯೇ ಸರಿಯಾಗಿತ್ತು. ಅಂಗಡಿಯವರನ್ನು ಕೇಳಿ ಭಾಷೆ ತಿದ್ದುವುದಾದರೆ ನಮ್ಮನ್ನು ಯಾಕೆ ಕೇಳಿದಿರಿ?