22-250 ರೈಫಲ್: ಲೋಡ್ ಬದಲಾಗಿಲ್ಲ, ಗ್ರೂಪ್ ಮಾತ್ರ ಚೆಲ್ಲಾಪಿಲ್ಲಿ

ಹುಲ್ಲಂಚು · ಶನಿವಾರ, ರಾತ್ರಿ 9:40

ಮೂರು ವಾರಗಳಿಂದ ತಲೆ ಕೆಟ್ಟುಹೋಗಿದೆ. ನನ್ನದು 22-250 ರೆಮಿಂಗ್ಟನ್ ತೋಟಾ ಹೊಡೆಯುವ, ದಪ್ಪ ನಳಿಕೆಯ ಬೋಲ್ಟ್ ಆ್ಯಕ್ಷನ್ ರೈಫಲ್; ಪ್ರತಿ ಗುಂಡಿಗೂ ಬೋಲ್ಟನ್ನು ಕೈಯಿಂದ ಎಳೆಯಬೇಕು. ಬೆಳೆಯ ಬೇರು ಕಡಿದು ಬಿಲ ತೋಡುವ ಸಣ್ಣ ಪ್ರಾಣಿಗಳಿಗೆಂದೇ ಹತ್ತು ವರ್ಷದ ಹಿಂದೆ ಆರಿಸಿಕೊಂಡದ್ದು. ನೂರು ಮೀಟರಿನಲ್ಲಿ ಐದು ಗುಂಡುಗಳು 20 ಮಿಲಿಮೀಟರಿನೊಳಗೆ ಕೂರುತ್ತಿದ್ದವು. ಈಗ ಅದೇ ದೂರದಲ್ಲಿ ಗ್ರೂಪ್, ಅಂದರೆ ಗುಂಡುಗಳು ಹರಡಿದ ಅಗಲ, 140 ಮಿಲಿಮೀಟರ್! ಇಂದು ಎರಡು ಗುಂಡುಗಳು ಕಾಗದಕ್ಕೇ ತಾಗಲಿಲ್ಲ.

ಲೋಡ್, ಅಂದರೆ ನಾನೇ ತುಂಬಿಕೊಳ್ಳುವ ತೋಟಾದ ಗುಂಡು, ಮದ್ದುಗಳ ಲೆಕ್ಕ, ಏನೂ ಬದಲಾಗಿಲ್ಲ. 55 ಗ್ರೇನ್ ತೂಕದ ಗುಂಡು, ಅದೇ ಮದ್ದು, ಮದ್ದಿನ ತೂಕವೂ ಅದೇ, ಮದ್ದಿಗೆ ಕಿಡಿ ಹೊತ್ತಿಸುವ ಪ್ರೈಮರ್ ಕೂಡ ಅದೇ. ತೋಟಾದ ಹೊರಕೋಶವಾದ ಕೇಸ್‌ಗಳನ್ನು ಪ್ರತಿ ಸಲವೂ ಅಳೆದು ಕತ್ತರಿಸುತ್ತೇನೆ. ಬೆಂಚಿನ ಮೇಲೆ ಮರಳುಚೀಲವಿಟ್ಟೇ ಹೊಡೆಯುತ್ತೇನೆ. ಗಾಳಿ ಇರಲಿಲ್ಲ. ದಯವಿಟ್ಟು ಯಾರಾದರೂ ದಾರಿ ತೋರಿಸಿ.

ಹಳೆನಳಿಕೆ · ಶನಿವಾರ, ರಾತ್ರಿ 10:15

ತಾಮ್ರ. ಬೇರೆ ಏನನ್ನೂ ಹುಡುಕಬೇಡಿ. 22-250ರಲ್ಲಿ 55 ಗ್ರೇನ್ ಗುಂಡು ಸೆಕೆಂಡಿಗೆ ಸುಮಾರು 1,120 ಮೀಟರ್ ವೇಗದಲ್ಲಿ ಹೊರಡುತ್ತದೆ. ಆ ವೇಗಕ್ಕೆ ಗುಂಡಿನ ತಾಮ್ರದ ಹೊದಿಕೆ ನಳಿಕೆಯ ಒಳಗೋಡೆಗೆ ಮೆತ್ತಿಕೊಳ್ಳದೆ ಇರುವುದಿಲ್ಲ. ಪದರದ ಮೇಲೆ ಪದರ ಕೂತು ಒಂದು ದಿನ ಗ್ರೂಪ್ ಹೀಗೆಯೇ ಬಿಚ್ಚಿಕೊಳ್ಳುತ್ತದೆ. ನನಗೆ ಎರಡು ಸಲ ಆಗಿದೆ. ಅಮೋನಿಯಾ ಇರುವ ದ್ರಾವಣದಲ್ಲಿ ನೆನೆಸಿದ ಬಟ್ಟೆಯ ಚೂರನ್ನು ಹಿಂಬದಿಯಿಂದ ತಳ್ಳಿ, ಹತ್ತು ನಿಮಿಷ ಬಿಟ್ಟು ಒಣ ಬಟ್ಟೆ ತಳ್ಳಿ. ನೀಲಿ ಬಂದರೆ ತಾಮ್ರ. ನೀಲಿ ನಿಲ್ಲುವವರೆಗೂ ಬಿಡಬೇಡಿ.

ಮೂರುಕಾಲು · ಶನಿವಾರ, ರಾತ್ರಿ 11:02

ನಳಿಕೆಗಿಂತ ಮೊದಲು ಸ್ಕೋಪ್, ಅಂದರೆ ಗುರಿ ನೋಡುವ ದುರ್ಬೀನು, ನೋಡಿ. ಕೆಳಗಿನ ಬೇಸ್‌ನ ತಿರುಪು ಅರ್ಧ ಸುತ್ತು ಸಡಿಲವಾದರೂ ಸಾಕು. ಆ್ಯಕ್ಷನ್ನನ್ನು (ಬೋಲ್ಟ್ ಇರುವ ಭಾಗ) ಸ್ಟಾಕಿಗೆ (ಭುಜಕ್ಕಿಟ್ಟು ಹಿಡಿಯುವ ಭಾಗ) ಹಿಡಿಯುವ ತಿರುಪುಗಳನ್ನೂ ಬಿಗಿ ಮಾಡಿ. ಸಾಧ್ಯವಾದರೆ ಚೆನ್ನಾಗಿ ಕೆಲಸ ಮಾಡುತ್ತಿರುವ ಬೇರೊಂದು ಸ್ಕೋಪ್ ಹಾಕಿ ಐದು ಗುಂಡು ಹೊಡೆಯಿರಿ. ಅರ್ಧ ದಿನದ ಕೆಲಸ, ಅನುಮಾನ ಪೂರ್ತಿ ಹೋಗುತ್ತದೆ.

ಹುಲ್ಲಂಚು · ಮಂಗಳವಾರ, ಸಂಜೆ 7:20

ಎರಡು ಸಂಜೆ ನಳಿಕೆ ತೊಳೆದೆ. ಮೊದಲ ಸಂಜೆ ಗಾಢ ನೀಲಿ, ಎರಡನೆಯ ಸಂಜೆ ತಿಳಿ ನೀಲಿ. ಇಂದು ಹೊಡೆದೆ: 125 ಮಿಲಿಮೀಟರ್. ತಿರುಪುಗಳೆಲ್ಲ ಬಿಗಿಯಾಗಿಯೇ ಇವೆ.

ಹಳೆನಳಿಕೆ · ಮಂಗಳವಾರ, ರಾತ್ರಿ 8:05

140 ಇದ್ದದ್ದು 125 ಆಯಿತಲ್ಲ? ದಾರಿ ಸರಿಯಾಗಿದೆ ಎಂದರ್ಥ. ತಿಳಿ ನೀಲಿ ಇನ್ನೂ ಬರುತ್ತಿದೆ ಎಂದರೆ ಕೆಲಸ ಮುಗಿದಿಲ್ಲ. ನೊರೆಯ ದ್ರಾವಣ ತುಂಬಿ ರಾತ್ರಿಯಿಡೀ ಬಿಡಿ.

ತೂಕದಕಟ್ಟೆ · ಮಂಗಳವಾರ, ರಾತ್ರಿ 8:50

ಹಳೆನಳಿಕೆ ಅವರೇ, ಐದೈದು ಗುಂಡುಗಳ ಎರಡು ಗ್ರೂಪ್‌ಗಳ ನಡುವೆ 15 ಮಿಲಿಮೀಟರ್ ವ್ಯತ್ಯಾಸ ಏನನ್ನೂ ಹೇಳುವುದಿಲ್ಲ. ಅದೇ ರೈಫಲ್ಲಿನಲ್ಲಿ ಇನ್ನೈದು ಹೊಡೆದರೆ 150 ಬರಬಹುದು.

ಹುಲ್ಲಂಚು, ಬಟ್ಟೆ ತಳ್ಳಲು ಯಾವ ಜ್ಯಾಗ್ (ಸರಳಿನ ತುದಿಯಲ್ಲಿ ಬಟ್ಟೆ ಹಿಡಿಯುವ ತುಂಡು) ಬಳಸಿದಿರಿ? ಹಿತ್ತಾಳೆಯದಾದರೆ ಆ ತಿಳಿ ನೀಲಿ ಜ್ಯಾಗ್‌ನಿಂದಲೇ ಬರುತ್ತಿರಬಹುದು, ಏಕೆಂದರೆ ಹಿತ್ತಾಳೆಯಲ್ಲಿಯೂ ತಾಮ್ರವಿದೆ. ನೈಲಾನ್ ಅಥವಾ ನಿಕ್ಕಲ್ ಲೇಪಿಸಿದ್ದು ಹಾಕಿ ನೋಡಿ. ರಾತ್ರಿಯಿಡೀ ನೆನೆಸಿಡುವ ಅಭ್ಯಾಸವನ್ನು ನಾನು ಒಪ್ಪುವುದಿಲ್ಲ. ಬಾಟಲಿಯ ಮೇಲೆ ಬರೆದ ಸಮಯ ಮೀರಬಾರದು.

ಹಳೆನಳಿಕೆ · ಮಂಗಳವಾರ, ರಾತ್ರಿ 9:10

ಇಪ್ಪತ್ತು ವರ್ಷದಿಂದ ಹಿತ್ತಾಳೆಯ ಜ್ಯಾಗನ್ನೇ ಬಳಸುತ್ತಿದ್ದೇನೆ. ಜ್ಯಾಗ್‌ನ ನೀಲಿ ಯಾವುದು, ನಳಿಕೆಯ ನೀಲಿ ಯಾವುದು ಎಂದು ನನಗೆ ಗೊತ್ತಾಗುತ್ತದೆ. ನಳಿಕೆ ತೊಳೆಯದವರ ರೈಫಲ್‌ಗಳನ್ನು ಸರಿಮಾಡಿ ಕೊಟ್ಟವನು ನಾನು.

ತೂಕದಕಟ್ಟೆ · ಮಂಗಳವಾರ, ರಾತ್ರಿ 9:25

ತೊಳೆದೂ ತೊಳೆದೂ ನಳಿಕೆಯ ಬಾಯಿ ಸವೆಸಿಕೊಂಡವರನ್ನು ನಾನು ನೋಡಿದ್ದೇನೆ. ಗುಂಡು ಕೊನೆಯದಾಗಿ ಬಿಟ್ಟುಹೋಗುವ ಅಂಚು ಅದು. ಸರಳು ಅಲ್ಲಿ ಉಜ್ಜಿ ಒಂದು ಪಕ್ಕ ತಗ್ಗಾದರೆ ಮತ್ತೆ ಲೇತ್‌ಗೆ ಹಾಕಿಯೇ ಸರಿಮಾಡಬೇಕು.

ದೂರನೋಟ · ಬುಧವಾರ, ಬೆಳಿಗ್ಗೆ 6:30

ನನ್ನ ಅಭಿಪ್ರಾಯ ಬೇರೆ. ಹತ್ತು ವರ್ಷದ 22-250 ಎಂದರೆ ತೋಟಾ ಕೂರುವ ಕೋಣೆಯ ಮುಂದಿನ ನಳಿಕೆಯ ಗಂಟಲು ಸುಟ್ಟಿರುತ್ತದೆ. ಅಷ್ಟು ಮದ್ದು ಅಷ್ಟು ಸಣ್ಣ ತೂತಿನಲ್ಲಿ ಉರಿದರೆ ಉಕ್ಕು ಎಷ್ಟು ದಿನ ತಾಳೀತು? ಅದಕ್ಕೇ ನಾನು ಕಡಿಮೆ ಮದ್ದಿನ 223 ತೋಟಾದ ರೈಫಲ್ ಆರಿಸಿಕೊಂಡೆ. ಅದೇ 55 ಗ್ರೇನ್‌ಗೆ ಸೆಕೆಂಡಿಗೆ ಸುಮಾರು 990 ಮೀಟರ್. 250 ಮೀಟರಿನೊಳಗಿನ ಕೆಲಸಕ್ಕೆ ಬೇಕಾದಷ್ಟಾಯಿತು, ನಳಿಕೆಯೂ ಎಷ್ಟೋ ಹೆಚ್ಚು ಬಾಳುತ್ತದೆ. ಹೋದ ವರ್ಷ 204 ರುಗರ್ ಕೂಡ ಸೇರಿಸಿಕೊಂಡೆ. 32 ಗ್ರೇನ್ ಗುಂಡು, ಒದೆತ ಎಷ್ಟು ಕಡಿಮೆ ಎಂದರೆ ಗುಂಡು ಬಿದ್ದ ಜಾಗವನ್ನು ಸ್ಕೋಪಿನಲ್ಲಿಯೇ ನೋಡಬಹುದು. ಲ್ಯಾಮಿನೇಟ್ ಸ್ಟಾಕ್, 26 ಅಂಗುಲದ ನಳಿಕೆ, ಎರಡು ಹಂತದ ಟ್ರಿಗರ್. ನೂರು ಮೀಟರಿನಲ್ಲಿ ಮೂರು ಗುಂಡುಗಳು ಒಂದೇ ತೂತು.

ಮೂರುಕಾಲು · ಬುಧವಾರ, ಬೆಳಿಗ್ಗೆ 7:15

ದೂರನೋಟ, ಗಂಟಲು ಸವೆದರೆ ಗ್ರೂಪ್ ನಿಧಾನವಾಗಿ ಹಾಳಾಗುತ್ತದೆ. 20 ಇದ್ದದ್ದು 25, ಆಮೇಲೆ 30. ಮೂರು ವಾರದಲ್ಲಿ 140ಕ್ಕೆ ಹಾರುವುದಿಲ್ಲ. ನಿಮ್ಮ 204ಕ್ಕೆ ಯಾವ ಬೈಪಾಡ್ ಹಾಕಿದ್ದೀರಿ?

ದೂರನೋಟ · ಬುಧವಾರ, ಬೆಳಿಗ್ಗೆ 7:40

ಬೈಪಾಡ್ ಇಲ್ಲ. ಮುಂದೆ ಮೂರು ತಿರುಪಿನ ಭಾರದ ರೆಸ್ಟ್, ಹಿಂದೆ ಮೊಲದ ಕಿವಿಯಂಥ ಚೀಲ. ಚಿತ್ರ ಸಂಜೆ ಹಾಕುತ್ತೇನೆ.

ಹುಲ್ಲಂಚು · ಗುರುವಾರ, ಸಂಜೆ 6:55

ಸ್ಕೋಪ್ ಬದಲಾಯಿಸಿದೆ. ನೈಲಾನ್ ಜ್ಯಾಗ್ ಹಾಕಿದೆ, ಬಟ್ಟೆ ಬೆಳ್ಳಗೆ ಹೊರಬಂತು. ಗ್ರೂಪ್ 150. ಇನ್ನು ನನ್ನ ಕೈಲಾಗದು. ಹೊಸ ನಳಿಕೆಗೆ ಹಣ ಹೊಂದಿಸುವುದೇ ದಾರಿ ಎನಿಸುತ್ತಿದೆ.

ಸುರುಳಿಗೆರೆ · ಗುರುವಾರ, ರಾತ್ರಿ 8:30

ನಳಿಕೆ ಬದಲಾಯಿಸುವ ಮೊದಲು ಮೂರು ಪ್ರಶ್ನೆಗಳಿಗೆ ಉತ್ತರಿಸಿ. ಕಾಗದದ ಮೇಲಿನ ತೂತುಗಳು ದುಂಡಗಿವೆಯೇ? ಗುಂಡು 55 ಗ್ರೇನ್ ಎಂದಿರಿ, ಯಾವ ಬಗೆಯದು? ನಳಿಕೆಯ ಟ್ವಿಸ್ಟ್ ಎಷ್ಟು, ಅಂದರೆ ಗುಂಡನ್ನು ತಿರುಗಿಸುವ ಒಳಗಿನ ಸುರುಳಿಗೆರೆಗಳು ಎಷ್ಟು ಉದ್ದಕ್ಕೆ ಒಂದು ಸುತ್ತು ಬರುತ್ತವೆ?

ಹುಲ್ಲಂಚು · ಗುರುವಾರ, ರಾತ್ರಿ 9:05

ತೂತುಗಳು ಕೆಲವು ದುಂಡಗಿಲ್ಲ. ಉದ್ದುದ್ದ, ಬೀಗದ ಕೈ ತೂರುವ ರಂಧ್ರದ ಹಾಗೆ. ಒಂದು ತೂತಿನಲ್ಲಂತೂ ಗುಂಡಿನ ಪಕ್ಕದ ನೆರಳೇ ಅಚ್ಚಾದಂತಿದೆ. ಕಾಗದ ತೇವಗೊಂಡು ಹರಿದಿರಬೇಕು ಎಂದುಕೊಂಡು ಬರೆಯಲಿಲ್ಲ.

ಗುಂಡು ಈಗ ಸೀಸವಿಲ್ಲದ್ದು, ಪೂರ್ತಿ ತಾಮ್ರ, ತುದಿಯಲ್ಲಿ ಪ್ಲಾಸ್ಟಿಕ್ ಮೊನೆ. ಹಳೆಯ ಸೀಸದ ಗುಂಡಿನ ಡಬ್ಬ ಮುಗಿಯುತ್ತ ಬಂತು. ನಾನು ಹೊಡೆದು ಬಿಟ್ಟ ಪ್ರಾಣಿಗಳನ್ನು ಹದ್ದುಗಳು ಬಂದು ತಿನ್ನುತ್ತವೆ, ಸೀಸದ ಚೂರು ಅವುಗಳ ಹೊಟ್ಟೆಗೆ ಹೋಗಬಾರದೆಂದು ಬದಲಾಯಿಸಿದೆ. ಆದರೆ ತೂಕ ಅದೇ 55 ಗ್ರೇನ್, ತಕ್ಕಡಿಯಲ್ಲಿ ನಾನೇ ತೂಗಿದ್ದೇನೆ. ಆದ್ದರಿಂದ ಅದನ್ನು ಬದಲಾವಣೆ ಎಂದು ಎಣಿಸಲಿಲ್ಲ. ಟ್ವಿಸ್ಟ್ ಗೊತ್ತಿಲ್ಲ. ನಳಿಕೆಯ ಮೇಲೆ ಬರೆದಿಲ್ಲ.

ಸುರುಳಿಗೆರೆ · ಗುರುವಾರ, ರಾತ್ರಿ 9:20

ಉಳಿದ ತೋಟಾಗಳಲ್ಲಿ ಒಂದನ್ನೂ ಹೊಡೆಯಬೇಡಿ. ಗ್ರೂಪಿನ ವಿಷಯ ಆಮೇಲೆ.

ಸೀಸದ ಗುಂಡಿಗೆ ಹೊಂದಿಸಿದ ಮದ್ದಿನ ಅಳತೆಯನ್ನೇ ಪೂರ್ತಿ ತಾಮ್ರದ ಗುಂಡಿಗೆ ಹಾಕಿದ್ದೀರಿ. ತಾಮ್ರ ಸೀಸಕ್ಕಿಂತ ಹಗುರ. ಅದೇ ತೂಕ ಬರಬೇಕಾದರೆ ಗುಂಡು ಉದ್ದವಾಗಲೇಬೇಕು. ಆ ಹೆಚ್ಚಿನ ಉದ್ದ ಕೇಸ್‌ನೊಳಗೆ ಇಳಿದು ಮದ್ದಿನ ಜಾಗ ತಿನ್ನುತ್ತದೆ. ಜೊತೆಗೆ ಗಟ್ಟಿ ತಾಮ್ರ ಸುರುಳಿಗೆರೆಗಳಿಗೆ ಸುಲಭವಾಗಿ ಒತ್ತಿಕೊಳ್ಳುವುದಿಲ್ಲ. ಎರಡೂ ಸೇರಿದರೆ ಒತ್ತಡ ಏರುತ್ತದೆ. ತೂಕ ಒಂದೇ ಎಂದ ಮಾತ್ರಕ್ಕೆ ಲೋಡ್ ಒಂದೇ ಆಗುವುದಿಲ್ಲ. ಆ ಗುಂಡನ್ನೇ ಹೆಸರಿಸಿದ ಅಚ್ಚಾದ ಕೈಪಿಡಿಯ ಕೋಷ್ಟಕ ಹಿಡಿದು, ಅದರ ಆರಂಭದ ಅಳತೆಯಿಂದಲೇ ಹೊಸದಾಗಿ ಶುರುಮಾಡಬೇಕು. ಒತ್ತಡ ಮೀರಿದ ಗುರುತಿದೆಯೇ ಎಂದು ಹೊಡೆದ ಕೇಸ್‌ಗಳ ಪ್ರೈಮರ್ ನೋಡಿ ಹೇಳಿ. ಬೋಲ್ಟ್ ಎತ್ತುವಾಗ ಬಿಗಿ ಇತ್ತೇ?

ಟ್ವಿಸ್ಟ್ ಅಳೆಯುವುದು ಕಷ್ಟವಲ್ಲ. ಖಾಲಿ ರೈಫಲ್, ಬೋಲ್ಟ್ ಹೊರಗೆ. ಹಿಡಿಕೆಯಲ್ಲಿ ಬೇರಿಂಗ್ ಇದ್ದು ತಾನಾಗಿ ತಿರುಗುವ ಸರಳಿಗೆ ಬಿಗಿಯಾದ ಬಟ್ಟೆ ಸುತ್ತಿ ಒಳಗೆ ತಳ್ಳಿ. ಸರಳಿನ ನೆತ್ತಿಯ ಮೇಲೊಂದು ಚುಕ್ಕಿ ಇಡಿ. ಅದೇ ಜಾಗದಲ್ಲಿ ಸರಳಿಗೆ ಒಂದು ಪಟ್ಟಿಯನ್ನೂ ಅಂಟಿಸಿ. ಮೆಲ್ಲಗೆ ತಳ್ಳುತ್ತ ಚುಕ್ಕಿ ಒಂದು ಪೂರ್ತಿ ಸುತ್ತು ಬಂದು ಮತ್ತೆ ನೆತ್ತಿಗೆ ಬರುವಷ್ಟರಲ್ಲಿ ಸರಳು ಎಷ್ಟು ಮುಂದೆ ಹೋಯಿತೋ ಅದೇ ಟ್ವಿಸ್ಟ್. ಮೂರು ಸಲ ಅಳೆಯಿರಿ, ಬಟ್ಟೆ ಜಾರಿದರೆ ಲೆಕ್ಕ ತಪ್ಪುತ್ತದೆ.

ಹಳೆನಳಿಕೆ · ಗುರುವಾರ, ರಾತ್ರಿ 9:45

ಪೂರ್ತಿ ತಾಮ್ರದ ಗುಂಡು ಎಂದರೆ ಮೆತ್ತಿಕೊಳ್ಳುವುದು ಇನ್ನೂ ಹೆಚ್ಚು. ನಾನು ಹೇಳಿದ್ದು ಪೂರ್ತಿ ತಪ್ಪಲ್ಲ.

ಹುಲ್ಲಂಚು · ಶುಕ್ರವಾರ, ರಾತ್ರಿ 8:10

ಕೈ ನಡುಗಿತು. ಎರಡು ಕೇಸ್‌ಗಳಲ್ಲಿ ಪ್ರೈಮರ್ ಅಂಚು ಪೂರ್ತಿ ಚಪ್ಪಟೆಯಾಗಿ ಗುಳಿಯ ತುಂಬ ಹರಡಿದೆ. ಬೋಲ್ಟ್ ಎರಡು ಸಲ ಬಿಗಿ ಅನಿಸಿತ್ತು, ಚಳಿಗೆ ಗ್ರೀಸ್ ಗಟ್ಟಿಯಾಗಿದೆ ಎಂದುಕೊಂಡಿದ್ದೆ.

ಒಂದು ಸುತ್ತಿಗೆ ಸರಳು ಮುಂದೆ ಹೋದದ್ದು ಮೂರು ಸಲವೂ 35 ಸೆಂಟಿಮೀಟರ್ ದಾಟಿ ಸ್ವಲ್ಪ. ಅಂದರೆ 14 ಅಂಗುಲಕ್ಕೆ ಒಂದು ಸುತ್ತು. ವರ್ನಿಯರ್‌ನಲ್ಲಿ ಹಳೆಯ ಸೀಸದ ಗುಂಡು 18.6 ಮಿಲಿಮೀಟರ್, ತಾಮ್ರದ್ದು 22.4. ಎರಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ನಿಲ್ಲಿಸಿದೆ. ಹೊಸದು ಹಳೆಯದಕ್ಕಿಂತ ತಲೆಯೆತ್ತರ ಹೆಚ್ಚು. ತಕ್ಕಡಿಯಲ್ಲಿ ಎರಡೂ ಒಂದೇ.

ತೂಕದಕಟ್ಟೆ · ಶುಕ್ರವಾರ, ರಾತ್ರಿ 9:00

ಈಗ ಎಲ್ಲವೂ ಕೂಡಿಬಂತು. ಗುಂಡು ನೆಟ್ಟಗೆ ಹಾರುತ್ತದೆಯೇ ಎಂದು ಲೆಕ್ಕಹಾಕುವ ಮಿಲ್ಲರ್ ಸೂತ್ರದಲ್ಲಿ ನಿಮ್ಮ ಅಂಕಿಗಳನ್ನು ಹಾಕಿದೆ. ಸ್ಥಿರತೆಯ ಸಂಖ್ಯೆ 1ಕ್ಕಿಂತ ಕೆಳಗಿದ್ದರೆ ಗುಂಡು ಗಾಳಿಯಲ್ಲಿ ಉರುಳುತ್ತದೆ, 1.4ರ ಆಸುಪಾಸು ಇದ್ದರೆ ನಿಶ್ಚಿಂತೆ. ನಿಮ್ಮ 14ರ ನಳಿಕೆಯಲ್ಲಿ ಸೀಸದ ಗುಂಡಿಗೆ ಸುಮಾರು 1.1, ಅಂಚಿನಲ್ಲಿದ್ದರೂ ನಿಲ್ಲುತ್ತದೆ. ತಾಮ್ರದ್ದಕ್ಕೆ ಬರುವುದು 0.6. ಪ್ಲಾಸ್ಟಿಕ್ ಮೊನೆ ಹಗುರವಾದ್ದರಿಂದ ಸೂತ್ರ ಅದಕ್ಕೆ ತುಸು ಕಠಿಣವಾಗಿ ಅಳೆಯುತ್ತದೆ. ಆ ರಿಯಾಯಿತಿ ಕೊಟ್ಟರೂ 1ನ್ನು ಮುಟ್ಟುವುದಿಲ್ಲ. ಉದ್ದದ ಗುಂಡು ಹೆಚ್ಚು ಬೇಗ ತಿರುಗಬೇಕು; ಈ ಗುಂಡಿಗೆ 9 ಅಂಗುಲಕ್ಕೆ ಒಂದು ಸುತ್ತಿನ ಟ್ವಿಸ್ಟ್ ಬೇಕು.

ಗ್ರೀನ್‌ಹಿಲ್ 1879ರಲ್ಲಿ ಕೊಟ್ಟ ಹಳೆಯ ಸೂತ್ರದಲ್ಲಿಯೂ ಟ್ವಿಸ್ಟ್ ನಿರ್ಧಾರವಾಗುವುದು ಉದ್ದ ಮತ್ತು ವ್ಯಾಸದಿಂದ. ಡಬ್ಬದ ಮೇಲೆ ದೊಡ್ಡದಾಗಿ ಅಚ್ಚಾಗುವುದು ತೂಕ, ಉದ್ದವನ್ನು ಅಲ್ಲಿ ಹುಡುಕಿದರೂ ಸಿಗುವುದು ಅಪರೂಪ. ನಾವೆಲ್ಲ ಮೋಸಹೋಗುವುದು ಅಲ್ಲಿಯೇ.

ದೂರನೋಟ · ಶುಕ್ರವಾರ, ರಾತ್ರಿ 9:30

ಹಾಗಾದರೆ 22-250ಗೆ 14 ಯಾಕೆ ಇಟ್ಟರು? ನನ್ನ 223ರಲ್ಲಿ 9 ಇದೆ, 69 ಗ್ರೇನ್ ಗುಂಡನ್ನೂ ನುಂಗುತ್ತದೆ.

ಸುರುಳಿಗೆರೆ · ಶುಕ್ರವಾರ, ರಾತ್ರಿ 9:50

1965ರಲ್ಲಿ ರೆಮಿಂಗ್ಟನ್ ಈ ತೋಟಾವನ್ನು ಕಾರ್ಖಾನೆಯ ಪಟ್ಟಿಗೆ ಸೇರಿಸಿದಾಗ ಅದರ ಕೆಲಸ ಹಗುರವಾದ, ಮೋಟು ಗುಂಡನ್ನು ಅತಿವೇಗದಲ್ಲಿ ಕಳಿಸುವುದಷ್ಟೇ ಆಗಿತ್ತು. 55 ಗ್ರೇನ್ ಸೀಸದ ಗುಂಡಿಗೆ 14 ಸಾಕಾಗಿತ್ತು. ಉದ್ದದ ಗುಂಡುಗಳು ಬಳಕೆಗೆ ಬಂದ ಮೇಲೆ 9, 8ರ ನಳಿಕೆಗಳೂ ಬಂದವು. ಹೊಸ ರೈಫಲ್ ಆರಿಸುವವರು ಕ್ಯಾಲಿಬರ್‌ಗಿಂತ ಮೊದಲು ಯಾವ ಗುಂಡು ಬಳಸುತ್ತೇನೆಂದು ನಿಶ್ಚಯಿಸಿ, ಟ್ವಿಸ್ಟ್ ಕೇಳಿ ಕೊಳ್ಳಬೇಕು.

ಹುಲ್ಲಂಚು, ಹದ್ದುಗಳ ಬಗೆಗಿನ ನಿಮ್ಮ ಕಾಳಜಿಯನ್ನು ಈ ಕಾರಣಕ್ಕೆ ಬಿಡಬೇಡಿ. ಸೀಸದ ಚೂರು ನುಂಗಿ ಹದ್ದುಗಳು ಸಾಯುವುದು ನಿಜ. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈ 1ರಿಂದ ಬೇಟೆಗೆ ಸೀಸದ ಗುಂಡನ್ನು ಪೂರ್ತಿ ನಿಷೇಧಿಸಿದ್ದಾರೆ. ಸೀಸವಿಲ್ಲದ್ದರಲ್ಲಿಯೂ 35, 36 ಗ್ರೇನ್‌ನ ಮೋಟು ಗುಂಡುಗಳಿವೆ. ಡಬ್ಬದ ಮೇಲೆ ಬೇಕಾದ ಟ್ವಿಸ್ಟ್ ಬರೆದಿದ್ದರೆ ನೋಡಿಕೊಂಡು ತನ್ನಿ.

ಹಳೆನಳಿಕೆ · ಶುಕ್ರವಾರ, ರಾತ್ರಿ 10:20

ಲೋಡ್ ಮಾಡಿದ ತೋಟಾಗಳನ್ನು ಬಿಚ್ಚಲು ಸುತ್ತಿಗೆಯ ಮಾದರಿಯ ಪುಲ್ಲರ್‌ಗಿಂತ ತೋಟಾ ತುಂಬುವ ಪ್ರೆಸ್‌ಗೆ ಹಾಕುವ, ಗುಂಡನ್ನು ಹಿಡಿದೆಳೆಯುವ ಕಾಲೆಟ್ ಒಳ್ಳೆಯದು. ಪ್ಲಾಸ್ಟಿಕ್ ಮೊನೆ ಮುರಿಯುವುದಿಲ್ಲ. ಬಿಚ್ಚಿದ ಮದ್ದನ್ನು ಬೇರೆ ಡಬ್ಬಕ್ಕೆ ಸುರಿಯಬೇಡಿ. ಯಾವುದೆಂದು ಖಚಿತವಿದ್ದರೆ ಮಾತ್ರ ಅದೇ ಹೆಸರಿನ ಡಬ್ಬಕ್ಕೆ. ಎಷ್ಟು ತೋಟಾ ಉಳಿದಿವೆ?

ಹುಲ್ಲಂಚು · ಭಾನುವಾರ, ಮಧ್ಯಾಹ್ನ 1:15

ಅರವತ್ತೆರಡು ಉಳಿದಿದ್ದವು. ನಿನ್ನೆ ರಾತ್ರಿ ಎಲ್ಲವನ್ನೂ ಕಾಲೆಟ್‌ನಲ್ಲಿ ಬಿಚ್ಚಿದೆ. ಹಳೆಯ ಸೀಸದ ಗುಂಡು ಡಬ್ಬದ ತಳದಲ್ಲಿ ಹನ್ನೊಂದು ಸಿಕ್ಕವು. ಹೊಸ ಕೇಸ್‌ಗಳಿಗೆ ಅವುಗಳ ಹಳೆಯ ಲೋಡನ್ನೇ ತುಂಬಿ ಬೆಳಿಗ್ಗೆ ಹತ್ತು ಹೊಡೆದೆ. ಮೊದಲ ಐದು 21 ಮಿಲಿಮೀಟರ್, ಎರಡನೆಯ ಐದು 24. ಹತ್ತೂ ತೂತು ದುಂಡಗೆ, ಅಂಚಿನಲ್ಲಿ ಬೂದುಬಣ್ಣದ ಉಂಗುರ ಸ್ಪಷ್ಟ. ಬೋಲ್ಟ್ ಒಂದೇ ಬೆರಳಿಗೆ ಎದ್ದಿತು. ಸುರುಳಿಗೆರೆ, ನಿಮಗೆ ಕೈಮುಗಿಯುತ್ತೇನೆ. ಆ ಪ್ರೈಮರ್‌ಗಳನ್ನು ನೋಡಿದ ಮೇಲೆ ಗ್ರೂಪ್ ನನಗೆ ಎರಡನೆಯ ಮಾತಾಯಿತು. ಚಪ್ಪಟೆಯಾದ ಆ ಎರಡು ಕೇಸ್‌ಗಳನ್ನು ಇಕ್ಕಳದಲ್ಲಿ ಜಜ್ಜಿ ಗುಜರಿಗೆ ಹಾಕಿದೆ. 36 ಗ್ರೇನ್‌ನ ಸೀಸರಹಿತ ಗುಂಡಿನ ಡಬ್ಬವೊಂದನ್ನು ಹೇಳಿದ್ದೇನೆ.

ಹಳೆನಳಿಕೆ · ಭಾನುವಾರ, ಮಧ್ಯಾಹ್ನ 2:00

ಸಂತೋಷವಾಯಿತು. ಆ 36 ಗ್ರೇನ್‌ನದು ಬಂದ ಮೇಲೆ ಐದು ಹೊಡೆದು ಬಟ್ಟೆ ತಳ್ಳಿ ನೋಡಿ, ನೀಲಿ ಎಷ್ಟು ಬರುತ್ತದೆ ಎಂದು ಬರೆಯಿರಿ.

ಮೂರುಕಾಲು · ಭಾನುವಾರ, ಸಂಜೆ 5:30

ದೂರನೋಟ, ಆ ರೆಸ್ಟಿನ ಚಿತ್ರ ಇನ್ನೂ ಹಾಕಲಿಲ್ಲವಲ್ಲ?