ಸಹಾಯ ಬೇಕು: ನೈಟ್ ಶಿಫ್ಟ್ ಮಾಡುವವರು ಬೈಬಲ್ ಓದಲು ಹೇಗೆ ಸಮಯ ಮಾಡಿಕೊಳ್ಳುತ್ತೀರಿ?

ಎಲ್ಲರಿಗೂ ಯೇಸುವಿನ ನಾಮದಲ್ಲಿ ವಂದನೆಗಳು.

ಹತ್ತು ವರ್ಷ ದುಡಿದು ಕಳೆದ ವರ್ಷ ಬೆಂಗಳೂರಲ್ಲಿ ಫ್ಲ್ಯಾಟ್ ತೆಗೆದುಕೊಂಡೆ. ಪಾಸ್ಟರ್ ಬಂದು ಪ್ರಾರ್ಥನೆ ಮಾಡಿ ಹೋದರು. ಆ ರಾತ್ರಿ ಹೊಸ ಸೋಫಾದ ಪ್ಲಾಸ್ಟಿಕ್ ಕವರ್ ಕೂಡ ತೆಗೆಯದೆ ಸುಮ್ನೆ ಕೂತೆ. ಸಂತೋಷ ಬರುತ್ತೆ ಅಂತ ಕಾದೆ. ಬರಲಿಲ್ಲ.

ಆಮೇಲೆ ಅಮ್ಮನ ಹಳೇ ಬೈಬಲ್‌ನಲ್ಲಿ ಪ್ರಸಂಗಿ 2ನೇ ಅಧ್ಯಾಯ ಓದಿದೆ. ಮನೆ, ದ್ರಾಕ್ಷಿತೋಟ, ಬೆಳ್ಳಿ ಬಂಗಾರ ಎಲ್ಲಾ ಕೂಡಿಸಿದವನು ಕೊನೆಗೆ ಎಲ್ಲವೂ ವ್ಯರ್ಥ ಅನ್ನುತ್ತಾನೆ. ನನ್ನ ಬಗ್ಗೆಯೇ ಬರೆದ ಹಾಗಿತ್ತು. ಯೋಹಾನ 4ರಲ್ಲಿ ಸಮಾರ್ಯದ ಹೆಂಗಸು ಯೇಸುವಿನ ಮಾತು ಕೇಳಿ ಕೊಡವನ್ನು ಅಲ್ಲೇ ಬಿಟ್ಟು ಊರೊಳಗೆ ಹೋಗುತ್ತಾಳೆ. ನೀರಿಗೆ ಅಂತಲೇ ಬಂದವಳು ಅಲ್ವಾ! ಬಾವಿ ಹತ್ತಿರ ಬಿಟ್ಟ ಆ ಕೊಡ ನನ್ನ ಕಣ್ಣ ಮುಂದಿನಿಂದ ಹೋಗುತ್ತಿಲ್ಲ. ಅವಳಿಗೆ ಸಿಕ್ಕ ಜೀವಜಲ ನನಗೂ ಬೇಕು.

ಆದರೆ ವಾರದಲ್ಲಿ ನಾಲ್ಕು ದಿನ ನೈಟ್ ಶಿಫ್ಟ್. ಬೆಳಿಗ್ಗೆ ಬಂದು ಬೈಬಲ್ ತೆರೆದರೆ ಎರಡು ವಚನಕ್ಕೇ ನಿದ್ದೆ. ಭಾನುವಾರದ ಆರಾಧನೆಯಲ್ಲಿ ಸಿಕ್ಕ ಸಮಾಧಾನ ಮಂಗಳವಾರದ ತನಕವೂ ಉಳಿಯುವುದಿಲ್ಲ.

ಶಿಫ್ಟ್ ಕೆಲಸದವರು ಯಾವ ಹೊತ್ತಿಗೆ ಓದುತ್ತೀರಿ? ದಿನಕ್ಕೆ ಎಷ್ಟು? ಸುವಾರ್ತೆಯಿಂದ ಶುರು ಮಾಡಲಾ, ಕೀರ್ತನೆಗಳಿಂದಲಾ? ರಾತ್ರಿ ಬ್ರೇಕ್‌ನಲ್ಲಿ ಹತ್ತು ನಿಮಿಷ ಫೋನಲ್ಲಿ ಜೊತೆಗೆ ಪ್ರಾರ್ಥಿಸುವವರು ಇದ್ದರೆ ದಯವಿಟ್ಟು ತಿಳಿಸಿ.