ಕ್ಲೌಡ್ ಡೇಟಾಬೇಸ್: ನಿಮ್ಮ ಪ್ರಶ್ನೆ, ಸುಜಾತಕ್ಕನ ಉತ್ತರ

ಗಣೇಶ, ಡೊಂಬಿವಲಿ: ಅಕ್ಕಾ, ನಮ್ಮ ಹೋಟೆಲ್ ಬಿಲ್ಲಿಂಗ್ ಡೇಟಾ ಕ್ಲೌಡಲ್ಲಿದೆ ಅಂತಾರೆ. ಅಂದ್ರೆ ಎಲ್ಲಿ?

ಸುಜಾತಾ, ಡಿಬಿಎ (ಡೇಟಾಬೇಸ್ ನೋಡಿಕೊಳ್ಳೋರು), ಪುಣೆ: ನಿಮಗೆ ಸಾಫ್ಟ್‌ವೇರ್ ಕೊಟ್ಟ ವೆಂಡರ್ ಆರಿಸಿದ ರೀಜನ್‌ನಲ್ಲಿ, ಅಂದ್ರೆ ಕ್ಲೌಡ್ ಕಂಪನಿಯ ಡೇಟಾ ಸೆಂಟರ್‌ಗಳಿರೋ ಜಾಗದಲ್ಲಿ. ಅಮೆಜಾನ್‌ಗೆ 2016ರಿಂದ ಮುಂಬೈ ರೀಜನ್ ಇದೆ. ಮೈಕ್ರೋಸಾಫ್ಟ್‌ನದು ನಮ್ಮ ಪುಣೆಯಲ್ಲೇ ಒಂದಿದೆ. ನಿಮ್ಮದು ಯಾವುದು ಅಂತ ವೆಂಡರ್ ಹತ್ರ ಬರೆಸಿಕೊಳ್ಳಿ.

ರೇಣುಕಾ, ಠಾಣೆ: ಅಕ್ಕಾ, ಅರ್ಜೆಂಟ್. ನಮ್ಮ ಪತ್ತಿನ ಸೊಸೈಟಿಯ ಲೆಕ್ಕ ಅಮೆಜಾನ್‌ನ ಕ್ಲೌಡ್ ಡೇಟಾಬೇಸ್ ಸೇವೆ ಆರ್‌ಡಿಎಸ್‌ನಲ್ಲಿದೆ. ಮೊನ್ನೆ ಮಧ್ಯಾಹ್ನ ವೆಂಡರ್ ಹುಡುಗ ಡಿಲೀಟ್ ಕೊಡುವಾಗ, ಯಾವ ಸಾಲು ಅಳಿಸಬೇಕು ಅಂತ ಹೇಳೋ ‘ವೇರ್’ (WHERE) ಹಾಕೋದು ಮರೆತ. ಪಿಗ್ಮಿ ಟೇಬಲ್ ಪೂರ್ತಿ ಖಾಲಿ. ಓದೋಕೆ ಅಂತ ಇಟ್ಟ ನಕಲು, ರೀಡ್ ರೆಪ್ಲಿಕಾದಲ್ಲೂ ಇಲ್ಲ!

ಸುಜಾತಾ: ಇರೋದಿಲ್ಲ. ಅಸಲಿನಲ್ಲಿ ಆದದ್ದೆಲ್ಲ ರೆಪ್ಲಿಕಾದಲ್ಲೂ ಆಗುತ್ತದೆ, ಡಿಲೀಟ್ ಕೂಡ. ಇನ್ನೊಂದು ಝೋನ್‌ನಲ್ಲಿ (ಅದೇ ರೀಜನ್‌ನ ಬೇರೆ ಡೇಟಾ ಸೆಂಟರಲ್ಲಿ) ಇರೋ ಬದಲಿ ಮಷಿನ್, ಸ್ಟ್ಯಾಂಡ್‌ಬೈಯೂ ಹಾಗೇ. ಮಷಿನ್ ಕೆಟ್ಟರೆ ಕೆಲಸ ನಿಲ್ಲಬಾರದು ಅಂತ ಅದನ್ನು ಇಡೋದು. ಅಳಿಸಿದ್ದನ್ನು ಅದು ವಾಪಸ್ ಕೊಡೋದಿಲ್ಲ.

ಮೊದಲು ಆಟೋಮೇಟೆಡ್ ಬ್ಯಾಕಪ್ (ತಾನಾಗೇ ಆಗೋ ಬ್ಯಾಕಪ್) ಎಷ್ಟು ದಿನಕ್ಕಿದೆ ನೋಡಿ. 0 ಇದ್ದರೆ ಬ್ಯಾಕಪ್ಪೇ ಆಫ್. ಹೆಚ್ಚೆಂದರೆ 35 ದಿನ ಇಡಬಹುದು. ಆನ್ ಇದ್ದರೆ, ಡಿಲೀಟ್‌ಗೆ ಒಂದು ನಿಮಿಷ ಮುಂಚಿನ ಸಮಯಕ್ಕೆ ರಿಸ್ಟೋರ್ ಮಾಡಿಸಿ. ಸಮಯ ಯುಟಿಸಿಯಲ್ಲಿ (ಅಂತಾರಾಷ್ಟ್ರೀಯ ಸಮಯದಲ್ಲಿ) ಕೇಳಿದರೆ ನಮ್ಮ ಸಮಯದಿಂದ ಐದೂವರೆ ಗಂಟೆ ಕಳೆಯಿರಿ. ಮಧ್ಯಾಹ್ನ 2:10 ಅಂದರೆ ಅಲ್ಲಿ 08:40. ಇಲ್ಲೇ ಜಾಸ್ತಿ ಜನ ಎಡವೋದು.

ರಿಸ್ಟೋರ್ ಆದದ್ದು ಹೊಸ ಇನ್‌ಸ್ಟೆನ್ಸ್ ಆಗಿ, ಅಂದ್ರೆ ಬೇರೆಯೇ ಡೇಟಾಬೇಸ್ ಸರ್ವರ್ ಆಗಿ ಬರುತ್ತದೆ. ಅಲ್ಲಿಂದ ಪಿಗ್ಮಿ ಟೇಬಲ್ ಮಾತ್ರ ತನ್ನಿ. ಮೊನ್ನೆಯಿಂದ ಕಟ್ಟಿದ ಹಣ ಹಳೆಯದರಲ್ಲಿದೆ, ಅದರ ಮೇಲೆ ಬರೆಯಬೇಡಿ. ಹಳೇ ಇನ್‌ಸ್ಟೆನ್ಸ್ ಡಿಲೀಟ್ ಮಾಡೋಕೆ ಯಾರನ್ನೂ ಬಿಡಬೇಡಿ. ಉಳಿಸಿಕೊಳ್ಳಿ ಅಂತ ಹೇಳದಿದ್ದರೆ ಬ್ಯಾಕಪ್ಪೂ ಜೊತೆಗೇ ಹೋಗುತ್ತದೆ.

ಮಂಜುನಾಥ, ಚಿಂಚ್‌ವಡ್: ಒಂದು ಫಾರ್ವರ್ಡ್ ಬಂದಿತ್ತು. ಎರಡು ಸಲ ರೀಬೂಟ್ ಮಾಡಿದರೆ ಅಳಿಸಿದ್ದೆಲ್ಲ ಬರುತ್ತಂತೆ.

ಸುಜಾತಾ: ಬರೋದಿಲ್ಲ. ದಿನಾ ಹತ್ತಿಪ್ಪತ್ತು ರೂಪಾಯಿ ಕಟ್ಟೋರ ದುಡ್ಡಿನ ಲೆಕ್ಕ ಇದು. ಫಾರ್ವರ್ಡ್ ನಂಬಿ ಕೈ ಹಾಕಬೇಡಿ.

ಪ್ರಕಾಶ, ಮಡಗಾಂವ್: ಅದಕ್ಕೇ ಸರ್ವರ್ ಆಫೀಸಲ್ಲೇ ಇಡಿ ಅನ್ನೋದು.

ಮಂಜುನಾಥ: ಮಳೆಗಾಲದಲ್ಲಿ ಕರೆಂಟ್ ಹೋದ್ರೆ ನೀವು ಬರ್ತೀರಾ?

ಪ್ರಕಾಶ: ಯುಪಿಎಸ್ ಹೆಸರು ಕೇಳಿಲ್ವಾ? ರೀಬೂಟ್ ಮದ್ದು ಹಂಚೋರಿಗೆ ಏನು ಹೇಳೋದು!

ಮಂಜುನಾಥ: ಮರ್ಯಾದೆ ಕೊಟ್ಟು ಮಾತಾಡಿ.



ಸುಜಾತಾ: ಪ್ರಕಾಶ, ಮಂಜುನಾಥ, ಸಾಕು. ಆಫೀಸ್ ಸರ್ವರಲ್ಲಿ ಆ ಡಿಲೀಟ್ ಕೊಟ್ಟಿದ್ದರೂ ಟೇಬಲ್ ಖಾಲಿಯೇ. ರೇಣುಕಾ, ಬ್ಯಾಕಪ್ ಎಷ್ಟು ದಿನಕ್ಕಿದೆ?

ಗಣೇಶ: ಅಕ್ಕಾ, ರೆಪ್ಲಿಕಾ ಇದ್ದರೆ ಬ್ಯಾಕಪ್ ಬೇಡ ಅಲ್ವಾ?

ಸುಜಾತಾ: ಮೇಲೆ ಓದಿ.

ರೇಣುಕಾ: 7 ಅಂತಿದೆ ಅಕ್ಕಾ. ರಿಸ್ಟೋರ್ ಶುರು ಮಾಡಿಸಿದೆ.

ಸುಜಾತಾ: ಸದ್ಯ! ಟೇಬಲ್ ಬಂದ ಮೇಲೆ ಏಜೆಂಟರ ರಸೀದಿ ಪುಸ್ತಕ ಇಟ್ಟುಕೊಂಡು ಮೊತ್ತ ತಾಳೆ ನೋಡಿ. ಅಲ್ಲಿವರೆಗೆ ಪಿಗ್ಮಿ ಹಣ ಯಾರಿಗೂ ವಾಪಸ್ ಕೊಡಬೇಡಿ.